ಬ್ರೋಕರ್ ಇಲ್ದೇ ಬಾಡಿಗೆ ಮನೆ ಮಾರಿದ್ದು

ಕಾರವಾರದ ಕಾಜುಬಾಗದಲ್ಲಿ ಅಪ್ಪ ಕಟ್ಟಿಸಿದ್ದ ಮನೆ ಅಂತೂ ಮಾರಿ ಆಯ್ತು. ಕೆಳಗೊಂದು ಮೇಲೊಂದು ಬಾಡಿಗೆ, 9,000 ಮತ್ತೆ 8,000. ನಾನಿರುದು ಶಿರಸಿಯಲ್ಲಿ, ಜೂನ್ ಬಂತು ಅಂದ್ರೆ ಮೇಲಿನವರ ಫೋನು, "ಅಣ್ಣಾ, ಮೂಲೆ ಸೋರ್ತಾ ಉಂಟು", ದೇವಿಮನೆ ಘಟ್ಟ ಇಳಿದು ಹೋಗಿ ಗಾರೆ ಕೆಲಸದವನ್ನ ಹುಡುಕಿ ವಾಪಸ್ ಬರುವಷ್ಟರಲ್ಲಿ ಆ ತಿಂಗಳ ಬಾಡಿಗೆ ಅಲ್ಲೇ ಮುಗೀತು.

ಮೊದ್ಲು ಒಬ್ರು ಬ್ರೋಕರ್ ಹತ್ರವೇ ಹೋಗಿದ್ದೆ. ಎರಡು ಪರ್ಸೆಂಟ್ ಕಮಿಷನ್ ಕೇಳಿದ್ರು, ಅದಿರಲಿ, ಬಾಡಿಗೆಯವರನ್ನ ಎಬ್ಬಿಸಿ ಬಣ್ಣ ಹೊಡೆಸಿ ಅಂದ್ರು. ಎಂತಕ್ಕೆ ಮಾರಾಯ್ರೆ? ಖಾಲಿ ಮನೆ ಬೇಕಾಗುದು ಬಂದು ಉಳಿಯುವವರಿಗೆ. ಈ ಊರಲ್ಲಿ ನೇವಿ ಬೇಸ್, ಕೈಗಾ, ಮೆಡಿಕಲ್ ಕಾಲೇಜು ಅಂತ ಬಾಡಿಗೆ ಕೇಳುವವರು ಇದ್ದೇ ಇರ್ತಾರೆ, ದುಡ್ಡು ಹಾಕುವವನು ನೋಡುದೂ ಅದನ್ನೇ.

ಪರಿಚಯದವರ ಮೂಲಕ ಹುಬ್ಬಳ್ಳಿಯ ಒಬ್ರು ಬಂದ್ರು. ಆಯಿ ನೆಟ್ಟ ಮಾವಿನ ಮರ ತೋರಿಸ್ದೆ, ಅತ್ಲಾಗೆ ತಿರುಗಿಯೂ ನೋಡ್ಲಿಲ್ಲ. ಸೀದಾ ಮೀಟರ್ ಬೋರ್ಡು, ನೀರಿನ ಟ್ಯಾಂಕು, ಆಮೇಲೆ ಬಾಡಿಗೆ ಜಮಾ ಆದ ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್. ನಾನು 58 ಲಕ್ಷ ಹೇಳಿದ್ದೆ. ಮೊಬೈಲಲ್ಲೇ ಲೆಕ್ಕ ಹಾಕಿ, "ವರ್ಷಕ್ಕ ಎರಡು ಲಕ್ಷದ ನಾಕು ಸಾವಿರ ಬರತೈತಿ, ಮೂರೂವರಿ ಪರ್ಸೆಂಟ್ ಆತ್ರಿ, ಎಫ್‌ಡಿ ಇಟ್ರ ಇದಕ್ಕಿಂತ ಬೇಷ್" ಅಂದ್ರು. ಉತ್ತರ ಇರ್ಲಿಲ್ಲ ನನ್ನತ್ರ. ರಿಜಿಸ್ಟ್ರೇಶನ್ ಫೀಸು 2025ರ ಆಗಸ್ಟ್ 31ರಿಂದ ಒಂದು ಪರ್ಸೆಂಟ್ ಇದ್ದದ್ದು ಎರಡಾಗಿದೆ, ಸ್ಟಾಂಪ್ ಡ್ಯೂಟಿ ಸೆಸ್ಸು ಎಲ್ಲಾ ಸೇರಿದ್ರೆ ಅವರಿಗೆ ಏಳೂವರೆ ಪರ್ಸೆಂಟ್ ಮೇಲೆ ಬೀಳ್ತದೆ, ಅದನ್ನೂ ನನ್ನ ರೇಟಲ್ಲೇ ಕಳೀಬೇಕಂತೆ.

ಆಮೇಲೆ ಮೇಲೆ ಹತ್ತಿ ಹೋಗಿ ಬಾಡಿಗೆಯ ಅಕ್ಕನನ್ನ ಕೇಳೇಬಿಟ್ರು, ಮಳಿಗಾಲದಾಗ ಸೋರತೈತೇನ್ರಿ? ಅಕ್ಕ ನನ್ನ ಮುಖ ನೋಡಿ, "ಆ ಮೂಲೆ ಒಂದು ಸೋರ್ತದೆ" ಅಂದ್ಲು. 50,000 ಅಲ್ಲೇ ಹೋಯ್ತು! ಅಷ್ಟಾದ್ರೂ ಇಳಿದು ಬಂದವರು, ಇವ್ರನ್ನ ಖಾಲಿ ಮಾಡಸಬ್ಯಾಡ್ರಿ ಅಂದ್ರು. 52 ಲಕ್ಷಕ್ಕೆ ಮುಗೀತು.

ಸ್ವಲ್ಪ ಕ್ಯಾಶಲ್ಲಿ ಕೊಡ್ತೇನೆ ಅಂದ್ರು, ಬೇಡ ಅಂದೆ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಜಾಸ್ತಿ ಕ್ಯಾಶ್ ತಗೊಂಡು ಸಿಕ್ಕಿಬಿದ್ರೆ ಅಷ್ಟೇ ಮೊತ್ತದ ದಂಡ, ತಗೊಂಡವನಿಗೇ. 50 ಲಕ್ಷ ದಾಟಿದ್ದಕ್ಕೆ ಒಂದು ಪರ್ಸೆಂಟ್ ಟಿಡಿಎಸ್, 52,000, ಅವರೇ ಹಿಡಿದು ಕಟ್ಟಿದ್ರು. ಲಾಭದ ಮೇಲೆ ಟ್ಯಾಕ್ಸು ಬೇರೆ. 2024ರ ಜುಲೈ 23ಕ್ಕಿಂತ ಹಿಂದಿನ ಮನೆ ಆದ್ರೆ ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕ ಹಾಗೆ ಹಳೇ ಖರ್ಚನ್ನ ಏರಿಸಿ ಲೆಕ್ಕ ಹಾಕುದು) ಇಲ್ದೆ 12.5 ಪರ್ಸೆಂಟ್, ಇಲ್ಲಾ ಇಂಡೆಕ್ಸೇಶನ್ ಹಾಕಿ 20, ಯಾವ್ದು ಕಮ್ಮಿಯೋ ಅದು, ಸಿಎ ಹತ್ರ ಎರಡೂ ಹಾಕಿಸಿ ನೋಡಿ.

ಬ್ರೋಕರ್ ಇದ್ದಿದ್ರೆ ಅಂತ ಅನಿಸಿದ್ದು ಕಾಗದಪತ್ರಕ್ಕೆ ಮಾತ್ರ. ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇತ್ತು, ಅದನ್ನ ನಂದು ತಂಗೀದು ಜಂಟಿ ಮಾಡಿಸಿ, ಆಸ್ತಿ ಮೇಲೆ ಸಾಲ-ಗೀಲ ಉಂಟಾ ಅಂತ ತೋರಿಸುವ ಇಸಿ (ಋಣಭಾರ ಪತ್ರ) ತೆಗೆಸಿ, ಸಹಿ ಹಾಕ್ಲಿಕ್ಕೆ ಅವಳನ್ನ ಪುಣೆಯಿಂದ ಕರೆಸಿ, ಮೂರು ತಿಂಗಳು ಅಲೆದೆ. ಉಳಿದ ಕಮಿಷನ್ 1,04,000, ಅದ್ರಲ್ಲಿ ಓಡಾಟಕ್ಕೆ ಎಷ್ಟು ಹೋಯ್ತು ಅಂತ ಲೆಕ್ಕ ಇಡ್ಲಿಲ್ಲ, ಇಡುದೂ ಬೇಡ.

ಬಾಡಿಗೆಯವರ ಡೆಪಾಸಿಟ್ಟು ಖರೀದಿಯವರಿಗೆ ದಾಟಿಸಿ, ಅದನ್ನ ಬರೆಸಿಕೊಂಡು ಬಂದೆ. ಮರು ತಿಂಗಳು ಐದನೇ ತಾರೀಕು ಮೊಬೈಲ್ ಟಿಣ್ ಅಂತು, ಅಭ್ಯಾಸಬಲ, ಮೇಲಿನ ಅಕ್ಕ 8,000 ನನಗೇ ಹಾಕಿದ್ದಾಳೆ. ಹುಬ್ಬಳ್ಳಿಗೆ ದಾಟಿಸ್ದೆ.