ಗಂಡಭೇರುಂಡದ ಹಡಗು, ಗಂಡಭೇರುಂಡದ ಊರು

ಡಿಸೆಂಬರ್ 4 ನೌಕಾಪಡೆ ದಿನ. ಅದರ ಆಸುಪಾಸಿನಲ್ಲಿ ಮುಂಬೈಯ ನೌಕಾನೆಲೆಯಲ್ಲಿ ಕೆಲವು ಯುದ್ಧನೌಕೆಗಳನ್ನು ಹತ್ತಿ ನೋಡಲು ಜನರನ್ನು ಬಿಡುತ್ತಾರೆ. ಡೊಂಬಿವಲಿಯಿಂದ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದು, ಬಲ್ಲಾರ್ಡ್ ಪಿಯರ್ ಕಡೆ ನಡೆದರೆ ಟೈಗರ್ ಗೇಟ್ ಸಿಗುತ್ತದೆ. ಗುರುತಿನ ಚೀಟಿ ತೋರಿಸಿ, ಮೊಬೈಲ್ ಒಪ್ಪಿಸಿ, ಮಗಳ ಜೊತೆ ಸಾಲಿನಲ್ಲಿ ನಿಂತೆ. ನಮ್ಮ ಸಾಲು ಹೊರಟಿದ್ದು ಡಿ60 ಎಂದು ಬರೆದಿದ್ದ ಹಡಗಿನ ಕಡೆಗೆ. ಐಎನ್‌ಎಸ್ ಮೈಸೂರು!

ಹಡಗಿನ ಲಾಂಛನ ಗಂಡಭೇರುಂಡ. ಮೈಸೂರು ಅರಸರದ್ದೂ ಅದೇ, ನಮ್ಮ ರಾಜ್ಯದ ಲಾಂಛನದಲ್ಲಿರುವುದೂ ಅದೇ. ಮುಂಬೈಯ ಉಪ್ಪುಗಾಳಿಯಲ್ಲಿ ಆ ಎರಡು ತಲೆಯ ಹಕ್ಕಿಯನ್ನು ಕಂಡು ನನಗೆ ಮೈ ಜುಮ್ಮೆಂದಿತು.

ಹಡಗು ತೋರಿಸಲು ನಿಂತಿದ್ದ ನಾವಿಕರೊಬ್ಬರು ನಮ್ಮ ಮಾತು ಕೇಳಿಸಿಕೊಂಡು, "ಯಾವೂರ್ರೀ ಸರ?" ಅಂದರು. ಅವರು ಗೋಕಾಕ ಕಡೆಯವರು. ಅಲ್ಲಿಂದ ಮುಂದೆ ಹಿಂದಿ ನಿಂತೇ ಹೋಯಿತು. "ಹಿಂಗ ಬಾರವ್ವ, ಇದನ್ನ ನೋಡು" ಎನ್ನುತ್ತಾ ಮಗಳನ್ನು ಮುಂದಿನ ತೋಪಿನ ಹತ್ತಿರ ಕರೆದುಕೊಂಡು ಹೋದರು. 100 ಮಿಲಿಮೀಟರ್ ತೋಪು ಅದು. ಅದರ ಹಿಂದೆ, ಹಡಗಿನ ಎರಡೂ ಪಕ್ಕಗಳಲ್ಲಿ, ಓರೆಯಾಗಿ ಕೂರಿಸಿದ ದಪ್ಪ ಕೊಳವೆಗಳು. ಒಟ್ಟು 16 ಉರಾನ್ ಕ್ಷಿಪಣಿಗಳನ್ನು ಹೊರುವ ಹಾಗೆ ಈ ಹಡಗನ್ನು ಕಟ್ಟಿದ್ದಾರೆ. ಒಂದೊಂದೂ ನೀರಿನ ಮೇಲ್ಮೈಗೆ ಹತ್ತಿರದಲ್ಲೇ ಹಾರಿ, ಸುಮಾರು 130 ಕಿಲೋಮೀಟರ್ ದೂರದ ಹಡಗಿಗೆ ಹೊಡೆಯಬಲ್ಲದು. ಹಿಂಭಾಗದಲ್ಲಿ ಹೆಲಿಕಾಪ್ಟರ್ ಇಳಿಯುವ ಜಾಗ, ಎರಡು ಹೆಲಿಕಾಪ್ಟರ್ ಇಡುವಷ್ಟು ದೊಡ್ಡ ಗೂಡು. ಹಡಗಿನ ಉದ್ದ 163 ಮೀಟರ್. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವಷ್ಟರಲ್ಲಿ ಮಗಳು ಸುಸ್ತು.

ಇದನ್ನು ಕಟ್ಟಿದ್ದು ಇದೇ ಊರಿನ ಮಜಗಾಂವ್ ಡಾಕ್‌ನಲ್ಲಿ. 1991ರಲ್ಲಿ ಕೆಲಸ ಶುರುವಾಯಿತು. ಅದೇ ವರ್ಷ ಸೋವಿಯತ್ ಒಕ್ಕೂಟ ಒಡೆದುಹೋಯಿತು. ಆಯುಧ, ಯಂತ್ರಗಳು ಅಲ್ಲಿಂದಲೇ ಬರಬೇಕಿದ್ದರಿಂದ ಕೆಲಸ ಎಳೆದಾಡಿತು. 1993ರಲ್ಲಿ ನೀರಿಗಿಳಿದ ಹಡಗು ನೌಕಾಪಡೆಗೆ ಸೇರಿದ್ದು 1999ರ ಜೂನ್ 2ಕ್ಕೆ. ಆಗ ಕಾರ್ಗಿಲ್‌ನಲ್ಲಿ ಯುದ್ಧ ನಡೆಯುತ್ತಿತ್ತು.

ನನಗೆ ತುಂಬಾ ಹಿಡಿಸಿದ್ದು 2008ರ ಡಿಸೆಂಬರ್ ಕತೆ. ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯಾದ ಸರಕು ಹಡಗೊಂದನ್ನು ಕಡಲ್ಗಳ್ಳರು ಮುತ್ತಿದ್ದರು. ಸಹಾಯಕ್ಕಾಗಿ ಕೂಗು ಬಂದಾಗ ಹೋಗಿದ್ದು ಇದೇ ಮೈಸೂರು. 23 ಕಳ್ಳರನ್ನು ಹಿಡಿದರು. ಅವರಲ್ಲಿ 12 ಜನ ಸೋಮಾಲಿಯಾದವರು, 11 ಜನ ಯೆಮೆನ್‌ನವರು. ಯಾರದ್ದೋ ದೇಶದ ಹಡಗು, ಯಾರದ್ದೋ ಸರಕು. ಆದರೂ ಕಾಪಾಡಲು ಹೋದ ಹಡಗಿನ ಹೆಸರು ನಮ್ಮ ಊರಿನದು. ಹೆಮ್ಮೆ ಆಗದೆ ಇರುತ್ತಾ?

ಇದಕ್ಕೂ ಮೊದಲು ಇದೇ ಹೆಸರಿನ ಇನ್ನೊಂದು ಹಡಗಿತ್ತು. ಬ್ರಿಟಿಷರ 'ನೈಜೀರಿಯಾ' ಎಂಬ ಕ್ರೂಸರ್ ಯುದ್ಧನೌಕೆ 1957ರಲ್ಲಿ ನಮ್ಮ 'ಮೈಸೂರು' ಆಯಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳವನ್ನು ನಡೆಸಿದ ರಿಯರ್ ಅಡ್ಮಿರಲ್ ಇ. ಸಿ. ಕುರುವಿಲ್ಲ ಇದ್ದದ್ದು ಆ ಹಡಗಿನಲ್ಲೇ. 1985ರಲ್ಲಿ ಅದು ನಿವೃತ್ತಿಯಾಯಿತು.

ಹಡಗು ಇಳಿಯುವಾಗಲೇ ಮಗಳು, "ಅಪ್ಪಾ, ಈ ರಜೆಗೆ ಮೈಸೂರಿಗೇ ಹೋಗೋಣ" ಅಂದಳು.

ಹೋದೆವು. ದಾರಿಯಲ್ಲಿ ಮೊದಲು ಶ್ರೀರಂಗಪಟ್ಟಣದಲ್ಲಿ ಇಳಿದೆವು. ಹಡಗಿನ ಮೇಲೆ ಕ್ಷಿಪಣಿ ನೋಡಿದವರು ಇಲ್ಲಿಗೆ ಬರಲೇಬೇಕು. 1784ರಲ್ಲಿ ಕಟ್ಟಿದ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇದೆ. ಇಂಗ್ಲಿಷರ ಮದ್ದಿನ ಬಂಡಿ ಸಿಡಿಯುತ್ತಿದೆ. ಅವರ ದಂಡನಾಯಕ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಗ್ಗಿ ಕೂತಿದ್ದಾನೆ. ಆ ಯುದ್ಧದಲ್ಲಿ ಹೈದರಾಲಿ, ಟಿಪ್ಪು ಪಡೆಗಳು ರಾಕೆಟ್ ಬಳಸಿದ್ದವು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿನ ಗಳಕ್ಕೆ ಕಟ್ಟಿ ಹಾರಿಸುತ್ತಿದ್ದರು. ಕಾಗದದ ಕೊಳವೆಯಾಗಿದ್ದರೆ ಜಾಸ್ತಿ ಒತ್ತಡ ತಾಳದೆ ಒಡೆಯುತ್ತಿತ್ತು. ಕಬ್ಬಿಣ ತಾಳುತ್ತಿತ್ತು, ಅದಕ್ಕೇ ಅಷ್ಟು ದೂರ ಹೋಗುತ್ತಿತ್ತು. ಇಂಗ್ಲಿಷರು ಇಲ್ಲಿಂದ ಹೊತ್ತೊಯ್ದ ರಾಕೆಟ್‌ಗಳನ್ನು ನೋಡಿಯೇ ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ಹೊಸ ರಾಕೆಟ್ ಮಾಡಿದ. ಮೈಸೂರು ಎಂಬ ಹಡಗಿನ ಮೇಲೆ 16 ಕ್ಷಿಪಣಿಗೆ ಜಾಗ ಮಾಡಿದ್ದು ಎಷ್ಟು ಸರಿ, ಅಲ್ವಾ?

ಟಿಪ್ಪುವಿಗೆ ಹಡಗಿನ ಆಸೆಯೂ ಇತ್ತು. 1796ರಲ್ಲಿ ದೊಡ್ಡ ನೌಕಾಪಡೆ ಕಟ್ಟುವ ಯೋಜನೆ ಹಾಕಿದ್ದ. ಮಂಗಳೂರು ಸೇರಿ ಕರಾವಳಿಯ ಮೂರು ಕಡೆ ಹಡಗು ಕಟ್ಟಬೇಕಿತ್ತು. ಅದು ಪೂರ್ತಿಯಾಗುವ ಮೊದಲೇ, 1799ರ ಮೇ 4ರಂದು, ಇದೇ ಕೋಟೆಯಲ್ಲಿ ಅವನು ಸತ್ತ. ಅದಾಗಿ 200 ವರ್ಷ ತುಂಬಿದ ಮುಂದಿನ ತಿಂಗಳೇ ಈಗಿನ ಐಎನ್‌ಎಸ್ ಮೈಸೂರು ಸೇವೆಗೆ ಬಂತು. ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ. ಆದರೂ ಆ ಎರಡು ದಿನಾಂಕ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಚಾಮುಂಡಿ ಬೆಟ್ಟ, ಸಂಜೆಯ ದೀಪಾಲಂಕಾರ ಎಲ್ಲವನ್ನೂ ನೋಡಿದೆವು. ಅವುಗಳ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ನಾವು ಹುಡುಕಿಕೊಂಡು ಹೋಗಿದ್ದು ಅರಮನೆಯ ಪೂರ್ವದ ಹೆಬ್ಬಾಗಿಲನ್ನು. ಅಲ್ಲಿ ಅರಸರ ಲಾಂಛನದ ಜೊತೆ 'ನ ಬಿಭೇತಿ ಕದಾಚನ' ಎಂದಿದೆ. ತೈತ್ತಿರೀಯ ಉಪನಿಷತ್ತಿನ ಮಾತು, ಎಂದಿಗೂ ಹೆದರುವುದಿಲ್ಲ ಎಂದು. ಹಡಗಿನ ಧ್ಯೇಯವಾಕ್ಯವೂ ಇದೇ.

ಆ ಬಾಗಿಲ ಎದುರು ನಿಂತಿದ್ದ ಟಾಂಗಾದ ಯಜಮಾನರಿಗೆ ಮಗಳು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. "ಸಮುದ್ರ ಇಲ್ದಿರೋ ಊರಿನ ಹೆಸ್ರಲ್ಲಿ ಹಡಗಾ ಪುಟ್ಟಿ?" ಎಂದು ಅವರು ಬೆರಗಾದರು. ಕಡಲ್ಗಳ್ಳರ ಕತೆಯನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ನಮ್ ಹುಡ್ಗ ಹೈಸ್ಕೂಲಲ್ಲವ್ನೆ. ಅದ್ಕೆ ಸೇರ್ಬೇಕಂದ್ರೆ ಏನ್ ಓದಿರ್ಬೇಕು?" ಅಂದರು. ನೌಕಾಪಡೆಯ ಅಗ್ನಿವೀರ್ ಎಂಆರ್‌ಗೆ (ಮೆಟ್ರಿಕ್ ನೇಮಕಾತಿ) ಹತ್ತನೇ ತರಗತಿ ಪಾಸಾಗಿರಬೇಕು, ಎಸ್‌ಎಸ್‌ಆರ್‌ಗೆ (ಸೀನಿಯರ್ ಸೆಕೆಂಡರಿ ನೇಮಕಾತಿ) ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು ಎಂದೆ. ಒಂದು ಚೀಟಿಯಲ್ಲಿ ಬರೆದುಕೊಡಿ ಅಂದರು. ಮಗಳು ಬರೆದುಕೊಟ್ಟಳು.