ರಿಯೋ ಎಲೆಯ ಸಿಪ್ಪೆ, ಒಂದು ಹನಿ ಉಪ್ಪುನೀರು

ಪಿಯು ಜೀವಶಾಸ್ತ್ರದ ಪ್ರಾಕ್ಟಿಕಲ್ ಎಂದರೆ ನನಗೆ ಮೊದಲು ನೆನಪಾಗುವುದು ರಿಯೋ ಗಿಡ. ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ನೇರಳೆ. ಕೋಶಪೊರೆಯ ದಪ್ಪ ಏಳೆಂಟು ನ್ಯಾನೋಮೀಟರ್ ಮಾತ್ರ, ಕಾಲೇಜಿನ ಮೈಕ್ರೋಸ್ಕೋಪಿಗೆ ಅದು ಎಟುಕುವುದಿಲ್ಲ. ಆದರೆ ಪೊರೆ ಮಾಡುವ ಕೆಲಸವನ್ನು ಈ ನೇರಳೆ ಸಿಪ್ಪೆಯಲ್ಲಿ ಕಣ್ಣಾರೆ ಕಾಣಬಹುದು.

ಎಲೆಯನ್ನು ಓರೆಯಾಗಿ ಹರಿದರೆ ಅಂಚಿನಲ್ಲಿ ಕೆಳಗಿನ ಸಿಪ್ಪೆ ತೆಳ್ಳಗೆ ಎದ್ದುಬರುತ್ತದೆ. ಅದನ್ನು ಕೂಡಲೇ ವಾಚ್ ಗ್ಲಾಸಿನ ನೀರಿಗೆ ಹಾಕಬೇಕು, ಒಣಗಿದರೆ ಕೋಶಗಳು ಸಾಯುತ್ತವೆ. ಹಸಿರು ಅಂಟಿಕೊಂಡ ದಪ್ಪ ಸಿಪ್ಪೆ ಬೇಡ; ಕೋಶಗಳು ಒಂದರ ಮೇಲೊಂದು ಕೂತು ಏನೂ ಸ್ಪಷ್ಟವಾಗದು. ಮೊದಲು ನೀರಿನಲ್ಲೇ ನೋಡಿ: ಪ್ರತಿ ಕೋಶದ ತುಂಬ ನೇರಳೆ. ಆಮೇಲೆ 100 ಮಿ.ಲೀ. ನೀರಿಗೆ 5 ಗ್ರಾಂ ಉಪ್ಪು ಕರಗಿಸಿ, ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಹನಿ ಬಿಟ್ಟು, ಎದುರು ಅಂಚಿಗೆ ಬ್ಲಾಟಿಂಗ್ ಪೇಪರ್ ತಾಗಿಸಿ. ಸ್ಲೈಡ್ ಅಲುಗಿಸದಿದ್ದರೆ ಅದೇ ಕೋಶಗಳಲ್ಲಿ ಕೆಲವೇ ನಿಮಿಷಕ್ಕೆ ಬಣ್ಣ ಮೂಲೆಗಳಿಂದ ಹಿಂದೆ ಸರಿದು, ನಡುವೆ ಉಂಡೆಯಾಗಿ, ಮೊದಲಿಗಿಂತ ಗಾಢವಾಗುತ್ತದೆ. ಬಣ್ಣ ಹೆಚ್ಚಿಲ್ಲ, ಅದು ತುಂಬಿರುವ ಕೋಶದೊಳಗಿನ ಚೀಲದ, ಅಂದರೆ ರಸದಾನಿಯ, ನೀರು ಕಡಿಮೆಯಾಗಿದೆ.

ವೈವಾದಲ್ಲಿ ತಪ್ಪದೆ ಬರುವ ಪ್ರಶ್ನೆ: ಕೋಶದ ಹೊರಗೋಡೆಯಾದ ಭಿತ್ತಿಗೂ ಅದರಿಂದ ಒಳಕ್ಕೆ ಸರಿದ ಪೊರೆಗೂ ನಡುವೆ ಏನಿದೆ? ಹೆಚ್ಚಿನವರು ‘ಖಾಲಿ ಜಾಗ’ ಎನ್ನುತ್ತಾರೆ. ಅಲ್ಲಿರುವುದು ಉಪ್ಪುನೀರು. ಇಡೀ ಪ್ರಯೋಗದ ತಿರುಳು ಇರುವುದೇ ಈ ಉತ್ತರದಲ್ಲಿ. ಸೆಲ್ಯುಲೋಸ್ ಭಿತ್ತಿ ಉಪ್ಪನ್ನು ತಡೆಯುವುದಿಲ್ಲ, ತಡೆಯುವುದು ಪೊರೆ. ಅದರ ಎರಡು ಪದರಗಳ ಲಿಪಿಡ್ (ಕೊಬ್ಬಿನಂಥ) ಅಣುಗಳ ಬಾಲಗಳು ಒಳಮುಖವಾಗಿವೆ. ಆ ಜಿಡ್ಡಿನ ನಡುವನ್ನು ಸೋಡಿಯಂ, ಕ್ಲೋರೈಡ್ ಅಯಾನುಗಳು ಸುಲಭವಾಗಿ ದಾಟಲಾರವು, ಅವಕ್ಕೆ ಪ್ರೋಟೀನಿನ ದಾರಿಯೇ ಬೇಕು. ನೀರು ಲಿಪಿಡ್ ಮೂಲಕವೂ ಅಕ್ವಾಪೋರಿನ್ ಪ್ರೋಟೀನುಗಳ ಮೂಲಕವೂ ಬೇಗ ಹೊರಗೆ ಹರಿಯುತ್ತದೆ. ಲಿಪಿಡ್ಡಿನಲ್ಲಿ ಪ್ರೋಟೀನುಗಳು ತೇಲುವ ಈ ಚಿತ್ರವನ್ನು ಸಿಂಗರ್ ಮತ್ತು ನಿಕೋಲ್ಸನ್ 1972ರಲ್ಲಿ ಕೊಟ್ಟರು.

ಮತ್ತೆ ನೀರು ಬಿಟ್ಟರೆ ಬಣ್ಣ ಹರಡಿ ಕೋಶ ತುಂಬಬೇಕು. ತುಂಬದೆ ಬಣ್ಣ ಸೋರಿಹೋದರೆ ಸಾಮಾನ್ಯವಾಗಿ ಕಾರಣ ಎರಡು: ಉಪ್ಪುನೀರಿನಲ್ಲಿ ಬಹಳ ಹೊತ್ತು ಬಿಟ್ಟದ್ದು, ಅಥವಾ ಒಮ್ಮೆಲೇ ನೀರು ಹಾಯಿಸಿದ್ದು. ಪೊರೆ ರಬ್ಬರಿನಂತೆ ಹಿಗ್ಗುವುದಿಲ್ಲ. ಅದರ ವಿಸ್ತೀರ್ಣ ಶೇಕಡಾ ಕೆಲವೇ ಭಾಗ ಹೆಚ್ಚಿದರೂ ಹರಿಯುತ್ತದೆ. ಆದ್ದರಿಂದ ಮೊದಲು ಶೇ. 2ರ ಉಪ್ಪುನೀರು, ಆಮೇಲೆ ನೀರು.

ಇದರ ಜೊತೆ ಒಂದು ನಿಮಿಷ ಕುದಿಸಿದ ಸಿಪ್ಪೆಯನ್ನೂ ನೋಡಲೇಬೇಕು. ಅದನ್ನು ಬಿಟ್ಟು ಬರೆದ ರೆಕಾರ್ಡ್ ಅರ್ಧವೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಾಖಕ್ಕೆ ಪೊರೆ ಕೆಟ್ಟು ಬಣ್ಣ ನೀರಿಗಿಳಿದಿರುತ್ತದೆ. ಭಿತ್ತಿಗಳು ಹಾಗೇ ನಿಂತಿರುತ್ತವೆ, ಉಪ್ಪು ಹಾಕಿದರೂ ಸರಿಯುವುದಕ್ಕೆ ಒಳಗೇನೂ ಉಳಿದಿರುವುದಿಲ್ಲ. ಇನ್ನೊಂದು ಸಿಪ್ಪೆ ಉಳಿದಿದ್ದರೆ ಸ್ಪಿರಿಟ್ ಹನಿ ಹಾಕಿ ನೋಡಿ. ಅಲ್ಲಿ ಶಾಖವಿಲ್ಲ, ಆದರೂ ಲಿಪಿಡ್ ಪದರ ಕದಡಿ ಬಣ್ಣ ಹೊರಗೆ ಬರುತ್ತದೆ.