ಹೋದ ವರ್ಷದ ಯಂತ್ರ ಈಗ ಎಲ್ಲಿದೆ ಎಂದು ಕೇಳಿ

ಮದುವೆ ಮನೆಯಲ್ಲಿ, ರೈಲಿನಲ್ಲಿ, ಜುಲೈ 1ರ ಪತ್ರಿಕಾ ದಿನಾಚರಣೆಯ ವೇದಿಕೆ ಇಳಿದ ಕೂಡಲೇ, ನನಗೆ ಎದುರಾಗುವುದು ಒಂದೇ ಪ್ರಶ್ನೆ: ‘ಸರ್, ನಮ್ಮ ಹಿಂದುಳಿದ ಭಾಗದಲ್ಲಿ ಕುಳಿತು ಹೊಸ ಆವಿಷ್ಕಾರಗಳ ಬಗ್ಗೆ ಏನು ಬರೆಯುತ್ತೀರಿ? ಎಲ್ಲವೂ ಮೊಬೈಲ್‌ನಲ್ಲಿಯೇ ಬರುತ್ತದೆ. ನೀವು ಪತ್ರಿಕೆಯವರು ಬದಲಾಗುವುದು ಯಾವಾಗ?’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಈ ಬರಹವನ್ನೇ ಕಳುಹಿಸುತ್ತೇನೆ.

ಮೊದಲು ಆ ‘ಹಿಂದುಳಿದ’ ಎಂಬ ಮಾತು. ಅನುದಾನ ಕೇಳುವಾಗ ಅದು ಬೇಕು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಕೊಟ್ಟಿರುವ ವಿಶೇಷ ಸ್ಥಾನಮಾನದ ಬಗ್ಗೆ ಬರೆಯುವಾಗ ನಾನೂ ಅದನ್ನು ಬಳಸಿದ್ದೇನೆ. ಆದರೆ ಅದನ್ನು ಇಲ್ಲಿನ ಜನರ ಬುದ್ಧಿಗೆ ಅಂಟಿಸಿದರೆ ಸಹಿಸಲಾರೆ. ಬಹಮನಿಗಳ ಕಾಲದಲ್ಲಿ ಬೀದರ್‌ನ ಜಂಬಿಟ್ಟಿಗೆಯ ಅಡಿಯಲ್ಲಿ ಸುರಂಗ ಕೊರೆದು, ಪರ್ಷಿಯಾದ ಕಾರೇಜ್ ವಿದ್ಯೆಯಿಂದ ನೀರು ಹರಿಸಿದ ನೆಲ ಇದು. ಟಿಎಸ್-3ಆರ್, ಜಿಆರ್‌ಜಿ-811 ತೊಗರಿ ತಳಿಗಳು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡವು. ರಾಜಧಾನಿಯ ಯಾವುದೋ ಆ್ಯಪ್‌ಗೆ ನಾವು ಅರ್ಧ ಪುಟ ಕೊಡುತ್ತೇವೆ, ಲಕ್ಷಾಂತರ ಎಕರೆಯಲ್ಲಿ ಬೇರು ಬಿಡುವ ಬೀಜಕ್ಕೆ ನಾಲ್ಕು ಸಾಲು. ಅದು ನಮ್ಮ ತಪ್ಪು, ಒಪ್ಪುತ್ತೇನೆ. ಬರೆಯಲು ಇಲ್ಲಿ ಏನೂ ಇಲ್ಲ ಎಂಬುದನ್ನು ಮಾತ್ರ ಒಪ್ಪುವುದಿಲ್ಲ.

ಮೊಬೈಲ್ ವಿಷಯ ಬೇಗ ಮುಗಿಸುತ್ತೇನೆ. 2020ರ ಮಾರ್ಚ್‌ನಲ್ಲಿ ಕಲಬುರಗಿಯ ಹಿರಿಯರೊಬ್ಬರು ಕೋವಿಡ್‌ನಿಂದ ದೇಶದಲ್ಲೇ ಮೊದಲಿಗರಾಗಿ ತೀರಿಕೊಂಡರು. ಆ ವಾರ ಎಲ್ಲರ ಮೊಬೈಲ್‌ನಲ್ಲೂ ಎಲ್ಲವೂ ಬಂದಿತ್ತು. ಆದರೂ ಜನ ನಮಗೆ ಫೋನ್ ಮಾಡಿ ಕೇಳುತ್ತಿದ್ದದ್ದು, ‘ಇದು ನಿಜವೇ?’ ಎಂದು. ಆ ಒಂದು ಮಾತಿಗೆ ಉತ್ತರ ಕೊಡುವವರೆಗೂ ನಮ್ಮ ಕೆಲಸ ಉಳಿದಿರುತ್ತದೆ.

ಈಗ ನನ್ನನ್ನು ನಿಜವಾಗಿ ಕಾಡಿದ ಪ್ರಸಂಗಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ತೊಗರಿ ಕುಡಿ ಚಿವುಟುವ ಯಂತ್ರದ ಪ್ರಾತ್ಯಕ್ಷಿಕೆ ಇತ್ತು. ಬಿತ್ತಿದ ಐವತ್ತು ದಿನಗಳ ಆಸುಪಾಸಿನಲ್ಲಿ ಗಿಡದ ತುದಿ ಚಿವುಟಿದರೆ ಪಕ್ಕದ ಟೊಂಗೆಗಳು ಒಡೆದು, ಹೂವು ಕಾಯಿ ಹೆಚ್ಚುತ್ತವೆ. ಆ ಕೆಲಸಕ್ಕೆ ಸಿಗುವುದು ಕೆಲವೇ ದಿನ, ಬೇಕಾಗುವ ಕೈಗಳು ಬಹಳ. ಬೆನ್ನಿಗೆ ಬ್ಯಾಟರಿ, ಕೈಯಲ್ಲಿ ತಿರುಗುವ ಬ್ಲೇಡು. ಒಬ್ಬನೇ ಯುವಕ ಸರಸರನೆ ಸಾಲು ಮುಗಿಸಿದ. ಚಪ್ಪಾಳೆ ಬಿತ್ತು. ನಾನು ಫೋಟೊ ಸಮೇತ ಬರೆದೆ, ಒಳ್ಳೆಯ ಜಾಗದಲ್ಲಿ ಬಂತು. ಅಲ್ಲಿಗೆ ಮರೆತೆ.

ಮರುವರ್ಷ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಹಿರಿಯ ಹೆಂಗಸೊಬ್ಬರು ಗುರುತು ಹಿಡಿದು ನಿಲ್ಲಿಸಿದರು. ಆ ಹೊಲದ ಬದುವಿನಲ್ಲಿ ನಿಂತು ನೋಡಿದವರಲ್ಲಿ ಅವರೂ ಒಬ್ಬರು. ‘ಯಪ್ಪಾ, ಯಂತ್ರ ಬಂದಿತು ಎಂದು ಬರೆದೆ. ನಮ್ಮ ಕೂಲಿ ಹೋಯಿತು ಎಂದು ಬರೆದೆಯೇನು?’ ನನ್ನಲ್ಲಿ ಉತ್ತರವಿರಲಿಲ್ಲ. ಆ ಆಗಸ್ಟ್‌ನಲ್ಲಿ ಅದೇ ಹೊಲಕ್ಕೆ ಹೋದೆ. ಯಂತ್ರ ದನದ ಕೊಟ್ಟಿಗೆಯ ಗೂಟಕ್ಕೆ ನೇತಾಡುತ್ತಿತ್ತು. ಬ್ಯಾಟರಿ ಕೆಟ್ಟಿತ್ತು, ಊರಿನಲ್ಲಿ ರಿಪೇರಿ ಮಾಡುವವರು ಇರಲಿಲ್ಲ. ಮತ್ತೆ ಕೂಲಿಗೆ ಕರೆಯೋಣವೆಂದರೆ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಪುಣೆಗೆ ಗುಳೆ ಹೋಗಿದ್ದರು. ಅರ್ಧ ಹೊಲ ಚಿವುಟದೆಯೇ ಉಳಿದಿತ್ತು.

ಕೃಷಿ ಪುಟದವರಿಗೆ ಅದು ಯಂತ್ರ, ವಾಣಿಜ್ಯ ಪುಟದವರಿಗೆ ಸಬ್ಸಿಡಿ, ಜಿಲ್ಲಾ ಪುಟದವರಿಗೆ ಗುಳೆ. ಹೊಲದಲ್ಲಿ ಮಾತ್ರ ಮೂರೂ ಒಂದೇ ಸುದ್ದಿ. ಸ್ವೀಡನ್ನಿನ ಡೇವಿಡ್ ನಾರ್ಡ್‌ಫೋರ್ಸ್ ‘ಇನ್ನೋವೇಷನ್ ಜರ್ನಲಿಸಂ’ (ಆವಿಷ್ಕಾರ ಪತ್ರಿಕೋದ್ಯಮ) ಎಂಬ ಹೆಸರಿನಲ್ಲಿ ಎರಡು ದಶಕಗಳ ಹಿಂದೆ ಇದನ್ನೇ ವಾದಿಸಿದರು: ಆವಿಷ್ಕಾರ ಪುಟಗಳ ಗಡಿ ದಾಟುತ್ತದೆ, ವರದಿಗಾರನೂ ದಾಟಬೇಕು. ಆ ಮಾತಿನ ಅರ್ಥ ನನಗೆ ಕೊಟ್ಟಿಗೆಯ ಗೂಟ ನೋಡಿದ ಮೇಲೆ ಆಯಿತು.

ಆದ್ದರಿಂದ ದಯವಿಟ್ಟು ‘ಹೊಸದು ಏನಿದೆ’ ಎಂದು ಕೇಳಬೇಡಿ. ‘ಹೋದ ವರ್ಷ ನೀವು ಬರೆದ ಯಂತ್ರ ಈಗ ಎಲ್ಲಿದೆ’ ಎಂದು ಕೇಳಿ. ಉದ್ಘಾಟನೆಯ ದಿನ ಯಾರು ಬೇಕಾದರೂ ಫೋಟೊ ತೆಗೆಯುತ್ತಾರೆ. ಈಗ ನನ್ನ ಡೈರಿಯಲ್ಲಿ ಪ್ರತಿ ಹೊಸ ಯಂತ್ರ, ತಳಿ, ಯೋಜನೆಯ ವರದಿಯ ಮುಂದೆ ಒಂದು ವರ್ಷದ ನಂತರದ ತಾರೀಖು ಇರುತ್ತದೆ. ಆ ದಿನ ಹೋಗುತ್ತೇನೆ. 2022ರ ಹಂಗಾಮಿನಲ್ಲಿ ನೆಟೆ ರೋಗ ತೊಗರಿಯನ್ನು ಒಣಗಿಸಿದಾಗ ಪರಿಹಾರದ ಸುದ್ದಿಯನ್ನು ಎಲ್ಲರೂ ಬರೆದೆವು. ಪಕ್ಕದ ಹೊಲದ ಬೇರೆ ತಳಿ ಯಾಕೆ ಒಣಗದೆ ನಿಂತಿತು ಎಂದು ಹೋಗಿ ನೋಡಿದವರು ಕಡಿಮೆ. ನಾವು ಬದಲಾಗಬೇಕಾದ ಜಾಗ ಅದು.

ಹೊಸ ಉಪಕರಣ ಬೇಡವೆಂದು ನಾನು ಹೇಳುತ್ತಿಲ್ಲ. ಮಧ್ಯ ಭಾರತದಲ್ಲಿ 2010ರಲ್ಲಿ ಶುರುವಾದ ಸಿಜಿನೆಟ್ ಸ್ವರ ಎಂಬ ಧ್ವನಿ ಸುದ್ದಿ ಸೇವೆ ಸಾಮಾನ್ಯ ಫೋನ್ ಕರೆಯನ್ನೇ ಸುದ್ದಿಮನೆ ಮಾಡಿತು. ಗೊಂಡಿ ಎಂಬ ಬುಡಕಟ್ಟು ಭಾಷೆ ಮಾತನಾಡುವವರು ತಮ್ಮ ಊರಿನ ಸುದ್ದಿಯನ್ನು ತಮ್ಮ ದನಿಯಲ್ಲಿ ದಾಖಲಿಸುತ್ತಿದ್ದರು, ಪರಿಶೀಲನೆಯಾದ ಮೇಲೆ ಉಳಿದವರು ಕರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಅದನ್ನು ತಿಳಿದ ಮೇಲೆ ನಾನೂ ಒಂದು ರೂಢಿ ಮಾಡಿಕೊಂಡೆ. ಓದಲು ಬಾರದವರ ಬಗ್ಗೆ ಬರೆದ ವರದಿಯನ್ನು ನಾನೇ ಓದಿ, ರೆಕಾರ್ಡ್ ಮಾಡಿ ಅವರಿಗೆ ಕಳುಹಿಸುತ್ತೇನೆ.

ಕೊಟ್ಟಿಗೆಯಲ್ಲಿ ನೇತಾಡುತ್ತಿದ್ದ ಯಂತ್ರ ನೋಡಿ ಬಂದು ಬರೆದ ಎರಡನೆಯ ವರದಿಯನ್ನು ಬಸ್ ನಿಲ್ದಾಣದ ತಾಯಿಗೆ ಅವರ ಮೊಮ್ಮಗನ ಮೊಬೈಲ್ ಮೂಲಕ ಕೇಳಿಸಿದೆ. ರಾತ್ರಿ ಅವರ ಧ್ವನಿ ಸಂದೇಶ ಬಂತು. ‘ಎಲ್ಲ ಸರಿಯಾಗಿ ಬರೆದಿದ್ದೀಯ ಯಪ್ಪಾ. ಒಂದು ಬಿಟ್ಟಿದ್ದೀಯ. ಯಂತ್ರ ಕತ್ತರಿಸಿದ ಕುಡಿ ಮಣ್ಣಿಗೆ ಬೀಳುತ್ತದೆ. ನಾವು ಚಿವುಟಿದ್ದು ಉಡಿಗೆ ಬೀಳುತ್ತಿತ್ತು, ಸಂಜೆ ಮನೆಯ ಆಡು ತಿನ್ನುತ್ತಿತ್ತು. ಆಡಿನ ಮಾತು ಯಾಕೆ ಬರೆಯಲಿಲ್ಲ?’